ಐದು ತಪ್ಪುಗಳ ಹಾಳೆ

ಕಾಲೇಜಿನಲ್ಲಿ ಆಕೆಯನ್ನು ಲೈಬ್ರರಿಯನ್ ಎಂದು ಕರೆಯುತ್ತಿದ್ದುದು ಬಾಗಿಲ ಮೇಲಿನ ಫಲಕವೊಂದೇ. ಉಳಿದವರಿಗೆಲ್ಲ ಆಕೆ ‘ಮೂಲ ಮೇಡಂ’. ಯಾರು ಏನೇ ಹೇಳಲಿ, ‘ಇದರ ಮೂಲ ಎಲ್ಲಿದೆ?’ ಎಂದು ಕೇಳುವುದು ಇಪ್ಪತ್ತೆರಡು ವರ್ಷಗಳಿಂದ ಅಂಟಿಕೊಂಡ ಚಾಳಿ. ನಾಳೆ ರಜೆಯಂತೆ ಎಂದು ಅಟೆಂಡರ್ ಹೇಳಿದರೆ, ಸುತ್ತೋಲೆ ತೋರಿಸು ಅನ್ನುವರು. ಋಷಿಮೂಲ, ನದಿಮೂಲ ಕೇಳಬಾರದು ಅಂತ ಹಿರಿಯರು ಹೇಳಿದ್ದು ಈಕೆ ಹುಟ್ಟುವ ಮುಂಚೆ ಇರಬೇಕು, ಇಲ್ಲದಿದ್ದರೆ ಹೇಳಲು ಬಿಡುತ್ತಲೇ ಇರಲಿಲ್ಲ ಎಂದು ಇತಿಹಾಸದ ಮೇಷ್ಟ್ರು ಕಾಲೆಳೆಯುತ್ತಿದ್ದರು. ಆಕೆ ನಗುತ್ತಿರಲಿಲ್ಲ. ಆಕೆಯ ತಾಯಿ ಯಾರೋ ಹಂಚಿದ ಕರಪತ್ರವನ್ನು ನಂಬಿ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟು, ಮೊದಲು ಒಂದು ಕಾಲನ್ನೂ ಆಮೇಲೆ ಜೀವವನ್ನೂ ಕಳೆದುಕೊಂಡಿದ್ದರು. ಆ ಕರಪತ್ರದಲ್ಲಿ ಅಚ್ಚು ಹಾಕಿದವರ ಹೆಸರು ಕೂಡ ಇರಲಿಲ್ಲ.

ಹೀಗಾಗಿ ಮೊದಲ ವರ್ಷದ ಮಕ್ಕಳಿಗೆ ವಾರಕ್ಕೊಂದು ಗಂಟೆ ಸುದ್ದಿ ಓದುವ ಪಾಠ ಮಾಡುತ್ತೇನೆಂದು ಆಕೆಯೇ ಹಟ ಹಿಡಿದು ತೆಗೆದುಕೊಂಡಿದ್ದರು. ಲೈಬ್ರರಿಯ ಕೆಳಗಿನ ಕೋಣೆ, ನಲವತ್ತು ಕುರ್ಚಿ, ಒಂದು ಫ್ಯಾನು. ಬೋರ್ಡಿನ ಮೇಲೆ ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂದು ಬರೆದಿದ್ದನ್ನು ಯಾರೂ ಅಳಿಸುವಂತಿರಲಿಲ್ಲ. ಪ್ರತಿ ವರ್ಷ ಆಕೆ ತಾವೇ ಒಂದು ಸುಳ್ಳು ಸುದ್ದಿ ಹೆಣೆದು, ಪತ್ರಿಕೆಯ ತುಣುಕಿನ ಹಾಗೆ ಅಚ್ಚು ಮಾಡಿಸಿ ಹಂಚುತ್ತಿದ್ದರು. ಅದರಲ್ಲಿ ಬೇಕೆಂದೇ ಐದು ತಪ್ಪು. ಮೂವತ್ತೇ ದಿನದ ತಿಂಗಳಿಗೆ ಮೂವತ್ತೊಂದನೇ ತಾರೀಖು, ಊರಲ್ಲೇ ಇಲ್ಲದ ಪತ್ರಿಕೆಯ ಹೆಸರು, ಹೆಸರಿಲ್ಲದ ಅಧಿಕಾರಿಯ ಹೇಳಿಕೆ, ಹೀಗೆ. ಹುಡುಕಿ ಗುರುತು ಹಾಕುವುದು ಮಕ್ಕಳ ಕೆಲಸ. ಹಾಳೆಯ ಕೊನೆಯ ಸಾಲಿನಲ್ಲಿ ‘ಇದು ಅಭ್ಯಾಸಕ್ಕಾಗಿ ಬರೆದ ಸುಳ್ಳು ಸುದ್ದಿ’ ಎಂದಿರುತ್ತಿತ್ತು.

ಹಿಂದಿನ ವರ್ಷಗಳಲ್ಲಿ ಕೆರೆಯ ಮೀನು, ಬೀದಿ ದೀಪ ಅಂತೆಲ್ಲ ಬರೆದಿದ್ದರು. ಮಕ್ಕಳು ಆಕಳಿಸಿದ್ದರು. ಸಿಟ್ಟು ಬಂದಾಗಲೂ ತಪ್ಪು ಹುಡುಕಬಲ್ಲವರೇ ನಿಜವಾಗಿ ಕಲಿತವರು ಎಂದು ಈ ವರ್ಷ ಆಕೆಗೆ ಅನ್ನಿಸಿತು. ಅದಕ್ಕೇ ಕಾಲೇಜಿನ ಬಳಿಯ ಜೆರಾಕ್ಸ್ ಅಂಗಡಿಯವನೊಬ್ಬ ಹುಡುಗಿಯರ ಗುರುತಿನ ಚೀಟಿಯ ಪ್ರತಿ ಇಟ್ಟುಕೊಂಡು, ಫೋಟೊ, ಫೋನ್ ನಂಬರು ಮಾರುತ್ತಾನೆ ಎಂದು ಬರೆದರು. ಇನ್ನು ಫೋಟೊ ಬೇಕು. ಗೊತ್ತಿಲ್ಲದವರ ಚಿತ್ರವನ್ನು ಇಂಟರ್ನೆಟ್ಟಿನಿಂದ ಎತ್ತಬಾರದೆಂಬುದು ಆಕೆಯದೇ ಮೂರನೇ ಪಾಠ. ಹಾಗಾಗಿ ನೇರವಾಗಿ ಗೇಟಿನ ಎದುರಿನ ಜೆರಾಕ್ಸ್ ಅಣ್ಣನ ಬಳಿ ಹೋಗಿ ಅನುಮತಿ ಕೇಳಿದರು. ನೇಮ ತಪ್ಪದವರು ಮಾತ್ರ ಮಾಡಬಹುದಾದ ತಪ್ಪು ಇದು. ನೇಮವಿಲ್ಲದವರು ಯಾವುದೋ ದೇಶದ ಯಾರದೋ ಮುಖ ಅಂಟಿಸಿ ಕೈತೊಳೆದುಕೊಳ್ಳುತ್ತಿದ್ದರು.

ಜೆರಾಕ್ಸ್ ಅಣ್ಣನೆಂದರೆ ಎಲ್ಲರಿಗೂ ಸಲಿಗೆ. ಪರೀಕ್ಷೆಯ ಬೆಳಿಗ್ಗೆ ಹಾಲ್ ಟಿಕೆಟ್ ಮರೆತು ಬಂದವರಿಗೆ ಸಾಲು ಮುರಿದು ಪ್ರಿಂಟ್ ಕೊಡುವವನು. ಸುಳ್ಳು ಸುದ್ದಿಗೆ ನಿನ್ನ ಫೋಟೊ ಹಾಕಲೇ ಎಂದಾಗ ಅವನು ತಲೆ ಬಾಚಿಕೊಂಡು ಮೆಷಿನ್ ಪಕ್ಕ ನಿಂತ.

“ಹಾಕ್ಕೊಳ್ಳಿ ಅಕ್ಕ. ಇಷ್ಟು ವರ್ಷ ಬೇರೆಯವರ ಮುಖಾನೇ ಕಾಪಿ ತೆಗೆದಿದ್ದಾಯ್ತು. ಮಕ್ಕಳು ಕಲಿಯೋಕೆ ತಾನೇ?”

ಸುದ್ದಿಯಲ್ಲಿ ಏನಿದೆ ಎಂದು ಅವನು ಕೇಳಲಿಲ್ಲ. ಆಕೆಯೂ ಹೇಳಲಿಲ್ಲ. ಹೇಳಲು ಸ್ವಲ್ಪ ಮುಜುಗರವಾಗಿತ್ತು ಎಂಬುದೇ ನಿಜ.

ಸೋಮವಾರದ ತರಗತಿ ಆಕೆಯ ಜೀವಮಾನದಲ್ಲೇ ಚೆನ್ನಾಗಿ ನಡೆದ ತರಗತಿ. ಮೊದಲು ಮಕ್ಕಳು ಕೆಂಡವಾದರು, ಆಮೇಲೆ ಹಾಳೆಯ ಮೇಲೆ ಬಗ್ಗಿದರು, ಇಪ್ಪತ್ತು ನಿಮಿಷದಲ್ಲಿ ಐದೂ ತಪ್ಪು ಹಿಡಿದರು. ಆಕೆ ಹಾಳೆಗಳನ್ನು ವಾಪಸ್ ತೆಗೆದುಕೊಂಡರು. ಆದರೆ ಜ್ವರ ಬಂದು ಮಲಗಿದ್ದ ಹುಡುಗಿಯೊಬ್ಬಳಿಗೆ ಗೆಳತಿ ಅಷ್ಟರಲ್ಲೇ ಫೋನಿನಲ್ಲಿ ಹಾಳೆಯ ಫೋಟೊ ಕಳಿಸಿಯಾಗಿತ್ತು. ಸುದ್ದಿ ಪೂರ್ತಿ ಬಂದಿತ್ತು, ಕೊನೆಯ ಸಾಲು ಬಂದಿರಲಿಲ್ಲ. ಆ ಹುಡುಗಿಯ ಅಕ್ಕ ಅದನ್ನು ನೋಡಿದಳು, ಹೆದರಿದಳು, ತನ್ನ ಗೆಳತಿಯರಿಗೆ ಕಳಿಸಿದಳು. ಇದರಲ್ಲಿ ಯಾರದೂ ಕೆಟ್ಟ ಮನಸ್ಸಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಮಂಗಳವಾರದ ಹೊತ್ತಿಗೆ ‘ಎಲ್ಲ ಹೆಣ್ಣುಮಕ್ಕಳಿಗೂ ಕಳಿಸಿ’ ಎಂಬ ಸಾಲು ಸೇರಿತ್ತು. ಯಾರೋ ಪುಣ್ಯಾತ್ಮರು ಸುದ್ದಿಯನ್ನು ಹೊಸದಾಗಿ ಟೈಪ್ ಮಾಡುವಾಗ ಮೂವತ್ತೊಂದನೇ ತಾರೀಖನ್ನು ಮೂವತ್ತು ಎಂದು ತಿದ್ದಿಯೂ ಇದ್ದರು.

ಬುಧವಾರ ಮಧ್ಯಾಹ್ನ ಗದ್ದಲ ಕೇಳಿ ಆಕೆ ಗೇಟಿಗೆ ಓಡಿದಾಗ ಮೆಷಿನ್ ರಸ್ತೆಯಲ್ಲಿ ಮಗುಚಿ ಬಿದ್ದಿತ್ತು. ಅದರೊಳಗಿನ ಕಪ್ಪು ಪುಡಿ ಫುಟ್‌ಪಾತಿನ ಉದ್ದಕ್ಕೂ ಚೆಲ್ಲಿತ್ತು, ಅದರ ಮೇಲೆ ಚಪ್ಪಲಿಯ ಗುರುತುಗಳು. ಹೊಡೆದವರಲ್ಲಿ ಹುಡುಗರಿದ್ದರು, ಇಬ್ಬರು ಅಪ್ಪಂದಿರೂ ಇದ್ದರು. ಜೆರಾಕ್ಸ್ ಅಣ್ಣ ಅಂಗಡಿಯ ಕಟ್ಟೆಗೆ ಒರಗಿ, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಕೂತಿದ್ದ. ಅದು ಸುಳ್ಳು, ಅದನ್ನು ಬರೆದವಳು ನಾನು ಎಂದು ಆಕೆ ಕೂಗಿದರು. ಕೇಳಿಸಿಕೊಂಡವರು ಯಾರೂ ಇರಲಿಲ್ಲ.

ಪೊಲೀಸರು ಅವನನ್ನೇ ಕರೆದೊಯ್ದು ವಿಚಾರಿಸಿದರು. ಅವನ ಫೋನು, ಕಂಪ್ಯೂಟರು ತಡಕಿ, ಏನೂ ಸಿಗದೆ ಮೂರನೇ ದಿನ ಮನೆಗೆ ಕಳಿಸಿದರು. ಏನೂ ಸಿಗಲಿಲ್ಲ ಎಂಬುದನ್ನು ಯಾರೂ ಎಲ್ಲ ಹೆಣ್ಣುಮಕ್ಕಳಿಗೂ ಕಳಿಸಲಿಲ್ಲ.

ಪ್ರಿನ್ಸಿಪಾಲರು ಆಕೆಯನ್ನು ಕೂರಿಸಿಕೊಂಡು, ಬಾಯಿ ಬಿಡಬೇಡಿ, ಕಾಲೇಜಿನ ಹೆಸರು ಬೀದಿಗೆ ಬರುತ್ತದೆ, ತಾನಾಗಿ ತಣ್ಣಗಾಗುತ್ತದೆ ಎಂದರು. ಆಕೆ ಕೇಳಲಿಲ್ಲ. ಮೂಲ ಹಾಳೆಯನ್ನು ಕೊನೆಯ ಸಾಲಿನ ಸಮೇತ, ತಮ್ಮ ಹೆಸರು ಸಹಿ ಹಾಕಿ ಸಿಕ್ಕ ಗುಂಪುಗಳಿಗೆಲ್ಲ ಕಳಿಸಿದರು. ಮರುದಿನದಿಂದ ಅದನ್ನೇ ಹಿಡಿದು ಗೇಟಿನಲ್ಲಿ ನಿಂತರು. ಪಾಠದಲ್ಲಿ ಕೂತಿದ್ದ ಮಕ್ಕಳೂ ಹೌದು, ಅದು ಅಭ್ಯಾಸ ಎಂದರು. ಮೇಡಂ ಹೇಳಿಕೊಟ್ಟ ಮಾತು ಎಂದು ಉಳಿದವರು ನಕ್ಕರು. ಕೊನೆಯ ವರ್ಷದ ಒಬ್ಬ ಹುಡುಗಿ ಮಾತ್ರ ನಗದೆ ಎದುರು ನಿಂತಳು. ಹಿಂದೆ ಆಕೆಯ ತರಗತಿಯಲ್ಲಿ ಎಲ್ಲರಿಗಿಂತ ಚುರುಕಾಗಿದ್ದವಳು.

“ಸುದ್ದಿ ಹೇಳೋರಿಗೆ ಅದರಿಂದ ಏನು ಲಾಭ ಅಂತ ಮೊದಲು ನೋಡಿ ಅಂತ ನೀವೇ ಕಲಿಸಿದ್ದು, ಮೇಡಂ. ಜೆರಾಕ್ಸ್ ಅಣ್ಣ ನಿಮಗೆ ಬೇಕಾದವರು. ಕಾಲೇಜಿಗೂ ಇದು ಸುಳ್ಳಾದ್ರೇ ಒಳ್ಳೇದು. ನಾನು ನಿಮ್ಮನ್ನ ಹೇಗೆ ನಂಬಲಿ?” ಅವಳು ಬ್ಯಾಗಿನಿಂದ ಫೋನು ತೆಗೆದು ಮುಂದೆ ಹಿಡಿದಳು. “ಎರಡು ತಿಂಗಳಿಂದ ಯಾರೋ ಫೋನ್ ಮಾಡಿ ಅಸಹ್ಯವಾಗಿ ಮಾತಾಡ್ತಿದ್ದಾರೆ. ನನ್ನ ನಂಬರು ಅವರಿಗೆ ಎಲ್ಲಿಂದ ಸಿಕ್ಕಿತು, ಹೇಳಿ.”

ಅದು ಆಕೆಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದರು. ಹುಡುಗಿ ಹೊರಟುಹೋದಳು. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚುವುದಕ್ಕಾಗದು ಅನ್ನುತ್ತಾರೆ. ಆದರೆ ಆ ಹುಡುಗಿಯದು ಊರ ಬಾಯಿಯಾಗಿರಲಿಲ್ಲ, ನಿಜವಾದ ಭಯ. ಅದು ಆಕೆಯನ್ನು ಇನ್ನಷ್ಟು ಕುಗ್ಗಿಸಿತು. ಆ ವಾರವೇ ಪಾಠ ನಿಂತಿತು, ಕೆಳಗಿನ ಕೋಣೆಗೆ ಬೀಗ ಬಿತ್ತು. ಜೆರಾಕ್ಸ್ ಅಂಗಡಿಯ ಮಳಿಗೆಯನ್ನು ಅದರ ಮಾಲೀಕ ಬೇರೆಯವರಿಗೆ ಬಾಡಿಗೆಗೆ ಕೊಟ್ಟ.

ಮುಂದಿನ ವಾರದ ಭಾನುವಾರ ಆಕೆ ಜೆರಾಕ್ಸ್ ಅಣ್ಣನ ಮನೆಗೆ ಹೋದರು. ಎರಡನೇ ಮಹಡಿ, ಎರಡು ಕೋಣೆ. ಹೆಂಡತಿ ಕುರ್ಚಿಯ ಮೇಲಿದ್ದ ಒಗೆದ ಬಟ್ಟೆ ಎತ್ತಿ ಕೂರಲು ಜಾಗ ಮಾಡಿದಳು. ಒಳಕೋಣೆಯ ಬಾಗಿಲು ಅರ್ಧ ತೆರೆದಿತ್ತು, ಮಂಚದ ತುದಿಯಲ್ಲಿ ಅವನ ಪಾದಗಳು ಕಾಣುತ್ತಿದ್ದವು. ಆಕೆ ತಂದಿದ್ದ ಹಾಳೆಯನ್ನು ಹೆಂಡತಿಗೆ ಕೊಟ್ಟು, ಪ್ರತಿಯೊಂದು ಅಕ್ಷರವೂ ತಮ್ಮದೇ ಎಂದು ವಿವರಿಸಿದರು. ಯಾವ ತಪ್ಪನ್ನು ಎಲ್ಲಿಟ್ಟಿದ್ದೆ ಎಂದು ಬೆರಳಿಟ್ಟು ತೋರಿಸಿದರು. ಅವಳು ಕೊನೆಯವರೆಗೂ ಕೇಳಿಸಿಕೊಂಡಳು.

“ಬರೆದಿದ್ದು ನೀವೇ, ಒಪ್ಪಿದೆ. ಆದ್ರೆ ಇದನ್ನೇ ಯಾಕೆ ಬರೆದ್ರಿ ಅಕ್ಕ? ಅವರ ಬಗ್ಗೆ ನಿಮ್ಮ ಕಿವಿಗೆ ಏನಾದ್ರೂ ಬಿದ್ದಿತ್ತಾ?”

“ಏನೂ ಇಲ್ಲಮ್ಮ. ಇದಾದ್ರೆ ಎಲ್ಲರೂ ಬೇಗ ನಂಬ್ತಾರೆ ಅನ್ನಿಸ್ತು, ಅದಕ್ಕೆ.”

ಹೆಂಡತಿ ಹಾಳೆಯನ್ನು ಮಡಿಸಿ, ಮತ್ತೆ ಬಿಡಿಸಿ, ಸ್ವರ ತಗ್ಗಿಸಿದಳು.

“ನಾನೂ ನಂಬಿದೆ. ಸ್ಟೇಷನ್‌ನಿಂದ ಬಂದ ದಿನ, ಹೌದಾ ಅಂತ ಕೇಳೇಬಿಟ್ಟೆ. ಮಗಳ ತಲೆ ಮುಟ್ಟಿ ಹೇಳಿ ಅಂದೆ. ಆವತ್ತಿಂದ ನನ್ನ ಹತ್ರ ಒಂದು ಮಾತೂ ಆಡಿಲ್ಲ.”

ಆಕೆ ಎದ್ದು ಅರ್ಧ ತೆರೆದ ಬಾಗಿಲ ಬಳಿ ನಿಂತು, ತಮ್ಮಾ, ತಪ್ಪಾಯಿತು ಎಂದರು. ಪಾದಗಳು ಅಲುಗಲಿಲ್ಲ. ಇನ್ನೊಮ್ಮೆ ಹೇಳಿದರು. ಒಳಗಿನಿಂದ ಅವನು, ಯಾರ ಮೇಲೂ ಸಿಟ್ಟಿಲ್ಲದವನ ಹಾಗೆ, ಬಾಗಿಲು ಮುಂದೆ ಎಳೆದುಕೊಳ್ಳಿ ಎಂದ. ಆಕೆ ಎಳೆದುಕೊಂಡರು.