ಹಾರ್ಮೋನಿಯಂ ಪೆಟ್ಟಿಗೆಯ ಕಂಪ್ಯೂಟರ್

"ಕಂಪ್ಯೂಟರ್ ಬಸ್ಸಿನ್ಯಾಗ ತರ್ತಿ? ಬಂಡಿ ಹೂಡಬೇಕಾಗ್ತದಲೇ!" ಎಂದು ಜೇವರ್ಗಿಯ ಮಾವ, ಅಂದರೆ ನನ್ನ ಅಕ್ಕನ ಗಂಡ, ನಕ್ಕಿದ್ದರು. ಅದು ತೊಂಬತ್ತರ ದಶಕದ ಕೊನೆ. ಕಾರ್ ರೇಸ್ ಆಡುವಂಥದ್ದನ್ನೇ ಹೊತ್ತು ತಂದು ಅವರೆದುರು ಓಡಿಸುತ್ತೇನೆಂದು ನಾನೂ ಹಟ ಹಿಡಿದೆ.

ಅಜ್ಜನ ಭಜನೆಯ ಹಾರ್ಮೋನಿಯಂ ಇಡುವ ಖಾಲಿ ಪೆಟ್ಟಿಗೆಯನ್ನು ಬೇಡಿ ಪಡೆದೆ. ಅದನ್ನು ಸೊಲ್ಲಾಪುರದ ಕಂಪ್ಯೂಟರ್ ಅಂಗಡಿಗೇ ಒಯ್ದು, ಅದರೊಳಗೆ ಕೂತ ಭಾಗಗಳನ್ನಷ್ಟೇ ಆರಿಸಿದೆ. ಚಿಕ್ಕ ಮದರ್‌ಬೋರ್ಡ್ ಸಿಕ್ಕಿತು. ಮಾನಿಟರಿಗೆ ಜಾಗವೇ ಇರಲಿಲ್ಲ; ಹಾಗಾಗಿ ಟಿವಿಗೆ ಜೋಡಿಸಬಹುದಾದ ಕಾರ್ಡನ್ನು ಕೊಂಡೆ.

ಎಲ್ಲವನ್ನೂ ಒಳಗೆ ಜೋಡಿಸಿ, ನಮ್ಮೂರು ಅಫಜಲಪುರದಿಂದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡೇ ಜೇವರ್ಗಿಗೆ ಹೊರಟೆ. ಬಸ್ಸಿನಲ್ಲಿ ಪಕ್ಕದ ಅಜ್ಜಿ, "ಯಪ್ಪಾ, ಒಂದು ಪದಾ ಹಾಡು" ಎಂದು ಜೀವ ತಿಂದಳು.

"ಭಜನಿ ಮಾಡಾಕ ಬಂದಿಯೇನಲೇ?" ಎಂದರು ಮಾವ, ಪೆಟ್ಟಿಗೆ ನೋಡಿ. ನಾನು ಮುಚ್ಚಳ ತೆರೆದು ಅವರ ಟಿವಿಗೆ ವೈರು ಜೋಡಿಸಿದೆ. ಪರದೆಯ ಮೇಲೆ ಕಾರು ಧೂಳೆಬ್ಬಿಸಿ ಹೊರಟಿತು. ಮಾವ ಕೀಬೋರ್ಡನ್ನೇ ಕಸಿದುಕೊಂಡರು.

"ಅತ್ತ ಸರಿಯಲೇ, ನಾ ಓಡಸ್ತೇನಿ!"