ಗೆರೆ ಮೇಸ್ತ್ರಿ ಹಾಕಿಸಿದ ನೆಲ

ಗೆರೆ ಮೇಸ್ತ್ರಿಯ ತಾತ ಬೀದಿ ದೀಪ ಹಚ್ಚುತ್ತಿದ್ದವನು. ಹೆಗಲ ಮೇಲೆ ಏಣಿ, ಸೊಂಟದಲ್ಲಿ ಎಣ್ಣೆ ಡಬ್ಬಿ. ಬಿರುಗಾಳಿಯ ಸಂಜೆಯಲ್ಲೂ ಒಂದು ಕಂಬವನ್ನೂ ಕುರುಡಾಗಿ ಬಿಟ್ಟವನಲ್ಲ. ಅಪ್ಪ ಬಸ್ಸು ಓಡಿಸಿದವನು. ಒಮ್ಮೆ ಇಳಿಜಾರಿನ ನಡುವೆ ದೀಪ ಕೈಕೊಟ್ಟಾಗ ಬಂಪರಿಗೆ ಕಂದೀಲು ಕಟ್ಟಿಕೊಂಡು ಜನರನ್ನು ಮನೆ ಮುಟ್ಟಿಸಿದ. ಇಂಥವರ ಮನೆಯಲ್ಲಿ ಹುಟ್ಟಿದ ಮೇಸ್ತ್ರಿಗೆ ಬೆಳಕೆಂದರೆ ಮನೆತನದ ಆಸ್ತಿ.

ಅವನ ಗ್ಯಾರೇಜಿನ ಹಿಂಗೋಡೆಯ ಮೇಲೆ ಕಪ್ಪು ಗೆರೆಗಳಿದ್ದವು: ಕಾರಿಗೊಂದು, ವ್ಯಾನಿಗೊಂದು, ಲಾರಿಗೊಂದು. ಹೆಸರು ಬಂದದ್ದು ಅದರಿಂದಲೇ. ಗಾಡಿಯನ್ನು ಗೋಡೆಗೆ ಮುಖಮಾಡಿ ನಿಲ್ಲಿಸಿ, ಚಕ್ರದ ಗಾಳಿ ನೋಡಿ, ದಿನಾ ಹೊರುವ ಸಾಮಾನನ್ನೆಲ್ಲ ಹೇರಿಸಿ, ಚಾಲಕನನ್ನು ಸೀಟಿನಲ್ಲಿ ಕೂರಿಸಿ, ಆಮೇಲೆಯೇ ದೀಪದ ತಿರುಪಿಗೆ ಕೈ ಹಾಕುತ್ತಿದ್ದ. ಬೆಳಕಿನ ಮೇಲಂಚು ಗೆರೆಯ ಮೇಲೆ ಕೂರಬೇಕು. ತೀರ ತಗ್ಗಿದರೆ ದಾರಿ ಕಾಣದು. ಎದ್ದರೆ ಎದುರಿನವನ ಕಣ್ಣಿಗೆ ಇರಿಯುತ್ತದೆ.

ಇದೇ ಗೋಡೆಯ ಮುಂದೆ ಕೆಲಸ ಕಲಿತ ಒಡಹುಟ್ಟಿದ ತಮ್ಮ ಬೀದಿಯ ಆಚೆ ಬದಿಗೇ ಅಂಗಡಿ ಇಟ್ಟ. ದೀಪ ಅಳೆಯಲು ಚಕ್ರದ ಮೇಲೆ ಓಡಾಡುವ ಯಂತ್ರ ತಂದ. ಯಂತ್ರವನ್ನಾದರೂ ಮೇಸ್ತ್ರಿ ಸಹಿಸುತ್ತಿದ್ದನೇನೋ. ಸಹಿಸಲಾಗದ್ದು ತಮ್ಮನ ನೆಲ. ಬಿಳಿ ಟೈಲ್ಸು, ಮುಖ ಕಾಣುವಂತೆ ಹೊಳಪು.

"ಅಲ್ಲಿ ತಟ್ಟೆ ಇಲ್ದೇನೇ ಊಟ ಮಾಡ್ಬಹುದು ಮೇಸ್ತ್ರಿ" ಎಂದು ಹಾಲಿನ ವ್ಯಾನಿನವನು ಬಾಯ್ತಪ್ಪಿ ಹೊಗಳಿದ. ಮುಂಜಾನೆ ಕತ್ತಲಲ್ಲೇ ಗಾಡಿ ಹೊರಡಿಸುವ ಇವನು ಮೇಸ್ತ್ರಿಯ ಹಳೆಯ ಗಿರಾಕಿ. ಅವನೊಬ್ಬ ತನ್ನ ಕೈಬಿಡನೆಂಬುದೇ ಮೇಸ್ತ್ರಿಗಿದ್ದ ಧೈರ್ಯ.

"ಹಾಗಾದ್ರೆ ಅಲ್ಲೇ ಹೋಗಿ ಉಣ್ಣು!" ಎಂದ ಮೇಸ್ತ್ರಿಗೆ ಆ ದಿನ ಮನೆಯ ಊಟ ಗಂಟಲಿಗಿಳಿಯಲಿಲ್ಲ.

ವಾರ ಕಳೆಯುವುದರೊಳಗೆ ಗ್ಯಾರೇಜಿಗೆ ಹೊಸ ಸಿಮೆಂಟು ನೆಲ ಬಂತು. ತೊಳೆದ ನೀರು ನಿಲ್ಲಬಾರದೆಂದು ಗೋಡೆ ಬುಡದ ಮೋರಿಯ ಕಡೆಗೆ ಇಳಿಯುವ ವಾಟ ಕೊಡಿಸಿದ. ಮುಂದಿನ ಚಕ್ರ ನಿಲ್ಲುವಲ್ಲಿ ಹಳೆಯ ಮಟ್ಟ, ಹಿಂದಿನ ಚಕ್ರದಡಿ ನಾಲ್ಕು ಬೆರಳು ಎತ್ತರ. ದಿನಾ ಎರಡು ಸಲ ಒರೆಸುತ್ತ, ಆಚೆಯವನು ನೋಡಿದನೋ ಇಲ್ಲವೋ ಎಂದು ಕಳ್ಳಗಣ್ಣು ಹಾಯಿಸುತ್ತಿದ್ದ. ಆ ನೆಲದ ಮೇಲೆ ಮೊದಲು ದೀಪ ಹೊಂದಿಸಿಕೊಂಡದ್ದು ಹಾಲಿನ ವ್ಯಾನು.

ಕೆಲವೇ ದಿನಗಳಲ್ಲಿ ಆ ವ್ಯಾನು ತಮ್ಮನ ಬಾಗಿಲಲ್ಲಿ ನಿಂತಿತ್ತು. ಮೇಸ್ತ್ರಿಗೆ ಮೈಯೆಲ್ಲ ಉರಿದುಹೋಯಿತು. ಬೀದಿ ದಾಟಿ, "ಏನಯ್ಯಾ, ಟೈಲ್ಸು ನೋಡಿ ಮರುಳಾದ್ಯಾ?" ಎಂದ.

"ಮರುಳಲ್ಲ ಮೇಸ್ತ್ರಿ, ಮರ್ಯಾದೆ ಹೋಗ್ತಿದೆ. ಎದುರು ಬರೋರೆಲ್ಲ ಗಾಡಿ ನಿಲ್ಸಿ ಉಗೀತಾರೆ. ನಿಂಗೆ ಹೇಳೋಕೆ ಹೆದರಿಕೆ" ಎಂದ ಹಾಲಿನವನು.

ತಮ್ಮ ಮೆಲ್ಲಗೆ, "ಬೆಳಕು ಎದ್ದಿದೆ ಅಣ್ಣಾ. ಎರಡೂ ಕಡೆ" ಎಂದ.

"ನಿನ್ನ ಯಂತ್ರಕ್ಕೆ ಮೆಳ್ಳೆಗಣ್ಣು!" ಎಂದು ಮೇಸ್ತ್ರಿ ದಡದಡ ವಾಪಸಾದ.

ಅಲ್ಲಿ ಹೆಂಡತಿ ನೆಲಕ್ಕೆ ಬಕೆಟು ಸುರಿಯುತ್ತಿದ್ದಳು. ನೀರು ಗೋಡೆಯತ್ತ ಓಡುವುದನ್ನು ಅವನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ.

"ಏನ್ರೀ ಹಾಗೆ ನೋಡ್ತೀರಾ? ಇಳಿಜಾರು ನೀವೇ ಮಾಡ್ಸಿದ್ದಲ್ವಾ?"

ಹೌದು. ಅದೇ ಇಳಿಜಾರಿನ ಮೇಲೆ ವ್ಯಾನು ಮೂತಿ ತಗ್ಗಿಸಿ ನಿಂತಿತ್ತು. ತಗ್ಗಿದ ಮೂತಿಯ ಬೆಳಕನ್ನು ಗೆರೆ ಮುಟ್ಟಿಸಲು ಇವನು ದೀಪ ಎತ್ತಿದ್ದ. ಸಮರಸ್ತೆಗೆ ಹೋದೊಡನೆ ಮೂತಿ ನೆಟ್ಟಗಾಯಿತು, ಬೆಳಕು ಎದುರಿನವರ ಮುಖಕ್ಕೇರಿತು. ಮೇಸ್ತ್ರಿ ಹೊಸ ನೆಲದ ಮೇಲೆಯೇ ಕುಸಿದು ಕೂತ. ತಾತ ಒಂದು ಕಂಬವನ್ನೂ ಕುರುಡು ಬಿಡಲಿಲ್ಲ. ಮೊಮ್ಮಗ ದಾರಿಹೋಕರ ಕಣ್ಣನ್ನೇ ಕುರುಡು ಮಾಡಿದ್ದ.

ಮರುದಿನ ಅವನು ಹಾರೆ ಎತ್ತಿದಾಗ ತಮ್ಮ ಇನ್ನೊಂದು ಹಾರೆ ಹಿಡಿದು ಬಂದ. "ಅಣ್ಣಾ, ಇಬ್ರೂ ಸೇರಿ ಒಡೆಯೋಣ. ನೆಲ ಆಗೋವರ್ಗೂ ಯಂತ್ರ ಇಲ್ಲೇ ತಂದಿಡ್ತೀನಿ."

ಮೇಸ್ತ್ರಿಯ ಕಣ್ಣು ತಮ್ಮನ ಹೆಗಲ ಮೇಲಿಂದ ಆಚೆ ಹೊಳೆಯುವ ಟೈಲ್ಸಿನ ಮೇಲೆ ಹೋಗಿ ಕೂತಿತು. ಹೊಟ್ಟೆಯಲ್ಲಿ ಕಿಚ್ಚು ಇನ್ನೂ ಆರಿರಲಿಲ್ಲ.

"ನನ್ನ ಗೆರೆ ಸರಿಹೋಗೋತನಕ ಗಿರಾಕಿಗಳು ನಿನ್ನ ಹತ್ರಾನೇ ಬರ್ಲಿ, ನಾನೇ ಕಳಿಸ್ತೀನಿ. ಆದ್ರೆ ಈ ನೆಲ ಮುಟ್ಬೇಡ. ನಿನ್ನ ನೋಡಿ ಉರ್ಕೊಂಡು ಹಾಕ್ಸಿದ್ದು ನಾನು, ಒಡೆಯೋನೂ ನಾನೇ. ಹೋಗು, ನಿನ್ನ ಟೈಲ್ಸು ಒರೆಸ್ಕೋ ಹೋಗು."