ಅಪ್ಪಾಸಾಬನ ನಕ್ಷತ್ರಕ್ಕೆ ನಾನು ಹೋದ ಮುಯ್ಯಾಳು

ಪುಣೆಗೆ ಬಂದು ನಾನು ನೋಡಿದ ಮೊದಲ ಆಕಾಶ ಬೆಳ್ಳಗಿತ್ತು, ನಕ್ಷತ್ರಗಳು ಕರ್ರಗಿದ್ದವು. ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿ, ಹಾಡಹಗಲೇ, ದೂರದರ್ಶಕದಿಂದ ಫೋಟೋ ತೆಗೆದ ಗಾಜಿನ ನೆಗೆಟಿವ್ ಫಲಕವೊಂದನ್ನು ನನ್ನ ಮುಂದಿಟ್ಟು ಅಳೆಯಲು ಹೇಳಿದರು. ನಮ್ಮೂರು ಭೋಜದಲ್ಲಿ ಮಾಳಿಗೆಯ ಮೇಲೆ ಮಲಗಿ ಚುಕ್ಕಿ ನೋಡಿದವಳು ನಾನು. ಇಲ್ಲಿ ಖಗೋಳಶಾಸ್ತ್ರವೆಂದರೆ ಬೆಳಗ್ಗೆ ಹತ್ತಕ್ಕೆ ಹೋಗಿ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ, ಈ ಕಪ್ಪು ಚುಕ್ಕಿ ಪಕ್ಕದ್ದಕ್ಕಿಂತ ದಪ್ಪವೋ ಸಣ್ಣದೋ ಎಂದು ಬರೆಯುತ್ತ ಕೂರುವುದು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು; ಎಂ.ಎಸ್ಸಿ. ಭೌತಶಾಸ್ತ್ರದ ನಮ್ಮ ತರಗತಿಯಲ್ಲಿ ಹುಡುಗಿಯರು ಇಬ್ಬರೇ.

ನಿಪ್ಪಾಣಿ ಕಡೆಯವರಿಗೆ ಮರಾಠಿ ಮನೆಮಾತಿನಷ್ಟೇ ಸಲೀಸು ಎಂಬ ನನ್ನ ಜಂಬ ಮೊದಲ ವಾರವೇ ಇಳಿಯಿತು. ಬಾಡಿಗೆ ಕೋಣೆ ಕೊಟ್ಟ ಆಜಿ, ನಾನು ನೀರು ಕೇಳಿದರೂ ಜಗಳಕ್ಕೆ ನಿಂತಂತೆ ಕೇಳುತ್ತದೆ ಎಂದು ನಕ್ಕರು. ಅವರ ಆಮ್ಟಿಗೆ, ಅಂದರೆ ಬೇಳೆಸಾರಿಗೆ, ಬೆಲ್ಲ ಬೀಳುತ್ತಿತ್ತು. ಸಾರೋ ಪಾಯಸವೋ ತಿಳಿಯದೆ ಒಂದು ತಿಂಗಳು ಅರೆಹೊಟ್ಟೆ ಉಂಡೆ. ಒಂದು ಭಾನುವಾರ ಊರಿನ ಕೆಂಪುಮೆಣಸಿನಕಾಯಿ ಚಟ್ನಿ ಬಡಿಸಿದಾಗ ಆಜಿ ಕಣ್ಣಲ್ಲಿ ನೀರು ಸುರಿಸುತ್ತಲೇ ಎರಡನೆಯ ಸಲ ಹಾಕಿಸಿಕೊಂಡರು. ಪುಣೆಯಲ್ಲಿ ನಾನು ಗೆದ್ದದ್ದು ಅದೊಂದೇ.

ಎರಡು ತಿಂಗಳು ಕನ್ನಡ ಕಿವಿಗೆ ಬಿದ್ದಿರಲಿಲ್ಲ. ಒಂದು ದಿನ ಪಕ್ಕದ ಮೇಜಿನಿಂದ, "ಊಟ ಆತೇನವಾ ತಂಗಿ?" ಎಂದದ್ದು ಕೇಳಿ ಅಳುವೇ ಬಂತು. ಅವನು ಅಪ್ಪಾಸಾಬ. ನಮ್ಮ ಕಡೆಯದೇ ಆದ ಕಾಗವಾಡದ ದ್ರಾಕ್ಷಿ ತೋಟದ ಮನೆಯವನು, ಪಿಎಚ್.ಡಿ. ಮುಗಿಸುವ ಅವಸರದಲ್ಲಿದ್ದ. ಅಂದಿನಿಂದ ಅವನು ನನಗೆ ಅಣ್ಣ.

"ತಂಗಿ, ನನ್ನ ಫಲಕ ಭಾಳ ಉಳದಾವು. ಈಗ ನೀ ನನಗ ಮುಯ್ಯಾಳ ಬಾ. ಆಮ್ಯಾಲ ನಿನ್ನ ಫಲಕಕ್ಕ ನಾ ಬರ್ತೀನಿ."

ಮುಯ್ಯಾಳು ಎಂದರೇನೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಇಂದು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಬರೆದಿಡುವುದಿಲ್ಲ, ನೆನಪಿಸುವುದಿಲ್ಲ, ನೆನಪಿಸಿದರೆ ಮಾನ ತೆಗೆದಂತೆ. ನನ್ನ ಜೊತೆಯ ಮರಾಠಿ ಹುಡುಗಿ, "ಅವನ ಸಂಶೋಧನಾ ಲೇಖನದಲ್ಲಿ ನಿನ್ನ ಹೆಸರು ಹಾಕುತ್ತಾನಾ, ಕೇಳಿಕೋ," ಎಂದಾಗ ಎಂಥ ಸಣ್ಣ ಮನಸ್ಸು ಇವರದು ಎಂದುಕೊಂಡೆ.

ಎಂಟು ತಿಂಗಳು ಅವನ ಫಲಕ ಅಳೆದೆ. ಅದರಲ್ಲೊಂದು ಚುಕ್ಕಿ ಆಗಾಗ ಮಬ್ಬಾಗುತ್ತಿತ್ತು. ಒಂದೇ ನಕ್ಷತ್ರ ಉಬ್ಬಿ ಕುಗ್ಗುತ್ತದೆ ಎಂದು ಎಲ್ಲರೂ ತಿಳಿದಿದ್ದರು. ನಾನು ಅಳೆದಂತೆ, ಒಂದು ಸಲ ಪೂರಾ ಮಬ್ಬಾದರೆ ಮುಂದಿನ ಸಲ ಅರೆಬರೆ. ಒಂದನ್ನೊಂದು ಸುತ್ತುತ್ತ ಸರದಿಯ ಮೇಲೆ ಒಂದನ್ನೊಂದು ಮರೆಮಾಡುವ ಜೋಡಿ ನಕ್ಷತ್ರ ಅದು! ಅಪ್ಪಾಸಾಬನ ಬಳಿ ಓಡಿದೆ. "ಭಾಳ ಛಲೋ ಹಿಡದಿ ತಂಗಿ," ಎಂದು ನನ್ನ ಕಾಗದಗಳನ್ನೆಲ್ಲ ತೆಗೆದುಕೊಂಡ.

ಮುಂದೆ ಸಂಶೋಧನೆಗೆ ನನಗೆ ಸೀಟು ಸಿಗುವುದು ನಿಂತಿದ್ದೇ ಇಂಥ ಒಂದು ಫಲಿತಾಂಶದ ಮೇಲೆ. ಲೇಖನ ಅಚ್ಚಾಗಿ ಬಂತು. ಮೇಲೆ ಒಂದೇ ಹೆಸರು, ಅವನದು. ಕೊನೆಗೆ, ಫಲಕ ಅಳೆಯಲು ನೆರವಾದದ್ದಕ್ಕೆ ನನಗೆ ವಂದನೆ. ಅಷ್ಟರಲ್ಲಿ ಅವನಿಗೆ ದಕ್ಷಿಣದ ವೀಕ್ಷಣಾಲಯವೊಂದರಲ್ಲಿ ಕೆಲಸ ಸಿಕ್ಕು, ಟ್ರಂಕು ಕಟ್ಟುತ್ತಿದ್ದ.

"ಅಣ್ಣಾ, ನಾ ಹಿಡದದ್ದಲ್ಲೇನ್ರಿ ಅದು?"

"ಮೊದಲ ಕೇಳಿ ಹೆಸರು ಬರಸ್ಬೇಕಾಗಿತ್ತ ನೀ. ಇದೇನ ಹೊಲ ಅಲ್ಲ ತಂಗಿ."

ಹೊಲವಲ್ಲ ಎಂದು ಗೊತ್ತಿದ್ದವನು ಮುಯ್ಯಾಳು ಎಂಬ ಮಾತು ಯಾಕೆ ಎತ್ತಿದ? ಬೇರೆಯವರು ಹೀಗೆ ಮಾಡಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಆಯ್ಕೆ ಸಮಿತಿಯವರು, "ನಿಮ್ಮದೇ ಕೆಲಸ ಯಾವುದು?" ಎಂದು ಕೇಳಿದರು. ನನ್ನ ಫಲಕಗಳು ಇನ್ನೂ ಪೆಟ್ಟಿಗೆಯಲ್ಲಿದ್ದವು. ಒಂದು ವರ್ಷ ಬಿಟ್ಟು ಬನ್ನಿ ಎಂದರು.

ಎಂಟು ದಿನಕ್ಕೆಂದು ಊರಿಗೆ ಹೋದೆ. ತಂಬಾಕಿನ ಕುಡಿ ಚಿವುಟುವ ಹಂಗಾಮು. ಪಕ್ಕದ ಹೊಲದ ಗಂಗವ್ವ ಕಾಕು, ನನಗೆ ಚಿಕ್ಕಮ್ಮನಂಥವಳು, ಬಂದು, "ನಾಳೆ ನಮ್ಮ ಹೊಲಕ್ಕ ಬರ್ರಿ," ಎಂದಳು.

"ನಮ್ಮ ಹೊಲಕ್ಕ ನೀವು ಯಾವತ್ತ ಬರ್ತೀರಿ ಕಾಕು? ಖರೇನ ಬರ್ತೀರಲ್ಲ?" ಎಂದುಬಿಟ್ಟೆ.

ಗಂಗವ್ವನ ಮುಖ ಸಣ್ಣದಾಯಿತು. "ಯಾಕವಾ, ನಾವು ಎಂದರ ತಪ್ಪಿಸೀವೇನು?" ಎಂದು ಎದ್ದು ಹೋದಳು. ಅಪ್ಪಾಸಾಬನಿಗೆ ಕೇಳಬೇಕಿದ್ದ ಮಾತನ್ನು ನಾನು ಇವಳಿಗೆ ಕೇಳಿದ್ದೆ. ನಾಚಿಕೆಯಿಂದ ಸತ್ತುಹೋದೆ.

ಮರುದಿನ ಅವಳು ತನ್ನ ಹೊಲ ಬಿಟ್ಟು ಮೊದಲು ನಮ್ಮ ಹೊಲಕ್ಕೇ ಬಂದಳು. ಸಂಜೆಯವರೆಗೆ ಕುಡಿ ಚಿವುಟಿದಳು. ನಮ್ಮ ಬುತ್ತಿ ಮುಟ್ಟಲಿಲ್ಲ.

ಅವ್ವ ಬೈಯಲಿಲ್ಲ. ಉಳಿದ ರೊಟ್ಟಿ ಅರಿವೆಯಲ್ಲಿ ಕಟ್ಟುತ್ತ, "ನೀವು ಪುಣೇದವ್ರು ಹಿಂಗ ಕೇಳ್ತೀರೇನು?" ಎಂದಳು.

ಪುಣೆಯಲ್ಲಿ ನನ್ನನ್ನು ಇದುವರೆಗೆ ಯಾರೂ ಪುಣೆಯವಳು ಎಂದಿರಲಿಲ್ಲ.